ಡಮ್ಮಾಮಿನ ರೈಲು ಮೂಡಬಿದ್ರೆಯಲ್ಲಿ ಓಡಿತು

ಬಿ.ಸಿ. ರೋಡ್, ಬಂಟ್ವಾಳ
ತಾ. 9-2-2025, ಆದಿತ್ಯವಾರ

ಪ್ರೀತಿಯ ಲೋಕುವಿಗೆ ಖಲೀಲನ ಸಲಾಂ.

ಮೊನ್ನೆ ಬೆಳಗಿನ ಜಾವ ಒಂದು ಕೆಟ್ಟ ಕನಸು ಬಿತ್ತು. ಡೊಂಬಿವಿಲಿಯ ನಿನ್ನ ಹೋಟೆಲು. ಮೇಜುಗಳ ಮೇಲೆ ಹಳಿ ಹಾಕಿದ್ದಾರೆ, ಸಾಂಬಾರಿನ ಬಟ್ಟಲುಗಳ ನಡುವೆ ಆ ಆಟದ ರೈಲು ಬರುತ್ತಾ ಉಂಟು, ಇಂಜಿನಿನಿಂದ ಹೊಗೆ. ನೀನು ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದಿ, ಕಿವಿಯಲ್ಲಿ ಮೆಷಿನ್ ಇಲ್ಲ. "ಪ್ಲಗ್ ತೆಗಿ ಮಾರಾಯ" ಎಂದು ನಾನು ಕಿರುಚುತ್ತೇನೆ, ಸ್ವರ ಹೊರಡುವುದಿಲ್ಲ. ನೀನು ನಗುತ್ತಾ "ಚಾ ಕುಡಿದಿಯಾ?" ಎಂದು ಕೇಳುತ್ತೀ. ಎದ್ದು ಕೂತೆ. ಸಾಲಿಹಾ ಕಣ್ಣು ಬಿಡದೆಯೇ ಹೇಳಿದಳು, "ಹೋಗಿ, ಅಂಗಡಿಯ ಮೇನ್ ಸ್ವಿಚ್ ಆಫ್ ಉಂಟಾ ಅಂತ ನೋಡಿ ಬನ್ನಿ. ನೋಡದೆ ನಿಮಗೂ ನಿದ್ರೆ ಇಲ್ಲ, ನನಗೂ ಇಲ್ಲ." ಆಫ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿತ್ತು. ಆದರೂ ಹೋಗಿ ನೋಡಿ ಬಂದೆ. ಆಫ್ ಇತ್ತು.

ನೀನು ಹೆದರಬೇಡ. ಇಷ್ಟು ದಪ್ಪದ ಕವರು ಬಂತೆಂದರೆ ಊರಿನಲ್ಲಿ ಯಾರಿಗೋ ಏನೋ ಆಯಿತು ಎಂದು ನಿನಗೆ ಅನಿಸಬಹುದು. ಯಾರಿಗೂ ಏನೂ ಆಗಲಿಲ್ಲ. ನಿನ್ನ ಅಪ್ಪ ಸೌಖ್ಯ, ತಂಗಿ ಸೌಖ್ಯ. ಇದು ಸಂತೋಷದ ಕಾಗದ. ನಾನು ಸಂತೋಷದ ಸುದ್ದಿಯನ್ನೂ ಹೆದರಿಸಿಕೊಂಡೇ ಹೇಳುವವನು, ಅದು ನಿನಗೆ ಗೊತ್ತುಂಟು.

ದೀಪಾವಳಿಗೆ ನೀನು ಬರೆದ ನಾಲ್ಕು ಹಾಳೆಯ ಕಾಗದಕ್ಕೆ ಮೂರು ತಿಂಗಳು ಉತ್ತರ ಕೊಡದೆ ಇದ್ದದ್ದಕ್ಕೆ ಕ್ಷಮಿಸಬೇಕು. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಐದು ಸಲ ಬರೆಯಲಿಕ್ಕೆ ಕೂತೆ, ಐದು ಸಲವೂ ಹರಿದು ಹಾಕಿದೆ. ಯಾಕೆ ಎಂದು ಕೊನೆಗೆ ನಿನಗೇ ತಿಳಿಯುತ್ತದೆ. ಫೋನಿನಲ್ಲಿ ಹೇಳುವ ಎಂದರೆ ನಿನ್ನ ಕಿವಿಯ ಮೆಷಿನ್ ಕುಂಯ್ ಎನ್ನುತ್ತದೆ, ನೀನು ಸ್ಪೀಕರಿಗೆ ಹಾಕುತ್ತೀ, ನಿನ್ನ ಸಪ್ಲೈಯರುಗಳೆಲ್ಲ ನಿಂತು ಕೇಳುತ್ತಾರೆ. ಇದು ಹಾಗೆ ಕೇಳುವ ಮಾತಲ್ಲ. ಏಳನೆಯಲ್ಲಿ ಶಾಲೆ ಬಿಟ್ಟವನ ಬರಹ, ಒತ್ತು ತಪ್ಪಿದ ಕಡೆ ಮುಂಚಿನ ಹಾಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದೆ ಕಳಿಸಬೇಡ.

ಈಗ ಸುದ್ದಿ. ಕಳೆದ ನವಂಬರಿನಲ್ಲಿ ಒಂದು ಬುಧವಾರ ನಿನ್ನ ತಂಗಿ ಜಲಜಾಕ್ಷಿ ನನ್ನ ಅಂಗಡಿಗೆ ಬಂದಳು. ಕಂಕುಳಲ್ಲಿ ಹಳೆಯ ಬೆಡ್‌ಶೀಟು ಸುತ್ತಿದ ಒಂದು ಪೆಟ್ಟಿಗೆ. ಅಂಗಡಿಯಲ್ಲಿ ಪಂಪು ರಿಪೇರಿಗೆ ತಂದವರು ಇಬ್ಬರು ಕೂತಿದ್ದರು. ಅವರನ್ನು ನೋಡಿ ಅವಳು ಸ್ವರ ತಗ್ಗಿಸಿದಳು.

"ಖಲೀಲಣ್ಣ, ಇದನ್ನು ಎಲ್ಲರೆದುರು ಬಿಚ್ಚಲಿಕ್ಕಿಲ್ಲ."

"ಎಂತ ಉಂಟು ಅದರಲ್ಲಿ, ಬಾಂಬಾ?"

"ಅದಕ್ಕಿಂತ ಜೋರಿನದ್ದು. ಅಪ್ಪನ ರೈಲು."

ನನ್ನ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗೆ ಬಿತ್ತು. ಪಂಪಿನವರು ನನ್ನ ಕಾಲಿಗೆ ಬಿತ್ತೆಂದು ಎದ್ದು ನಿಂತರು.

ಮನೆಗೆ ಬಣ್ಣ ಹೊಡೆಸಲಿಕ್ಕೆ ಅಟ್ಟ ಖಾಲಿ ಮಾಡುವಾಗ ಸಿಕ್ಕಿತಂತೆ. ಎಸೆಯುವುದಾ ಎಂದು ಕೇಳಿದ್ದಕ್ಕೆ ನಿನ್ನ ಅಪ್ಪ, ನಮ್ಮ ಸಂಕಪ್ಪಣ್ಣ, ಕುರ್ಚಿಯಿಂದ ಎದ್ದೇ ಬಿಟ್ಟರಂತೆ. ಅವರ ಎಡಗಣ್ಣು ಹೋಗಿ ಎರಡು ವರ್ಷ ಆಯಿತಲ್ಲ, ಈಗ ಬಲಗಣ್ಣಿಗೂ ಹೊಗೆ ಕಟ್ಟಿದ ಹಾಗೆ ಕಾಣುತ್ತದಂತೆ. ಔಷಧಿ ಬಿಡುತ್ತಾ ಇರಿ, ಇದ್ದಷ್ಟು ದಿನ ಇರುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಜಲಜಾಕ್ಷಿ ಹೇಳಿದಳು, "ಕಣ್ಣು ಪೂರ್ತಿ ಹೋಗುವ ಮೊದಲು ಇದು ಓಡುದನ್ನು ಒಮ್ಮೆ ನೋಡ್ಬೇಕಂತೆ. ಬೇರೆ ಎಂತದೂ ಬೇಡವಂತೆ. ಖಲೀಲನಿಗೆ ಕೊಡು, ಬೇರೆ ಯಾರೂ ಮುಟ್ಟುದು ಬೇಡ ಅಂತ. ಅಣ್ಣನಿಗೆ ಈಗ ಹೇಳ್ಬೇಡಿ, ಓಡಿದರೆ ಹೇಳುವ."

ಓಡದಿದ್ದರೆ? ಇದನ್ನು ನಾನು ಬಾಯಿಬಿಟ್ಟು ಕೇಳಲಿಲ್ಲ. ಆದರೆ ಮೂರು ತಿಂಗಳು ಅದನ್ನೇ ಕೇಳಿಕೊಂಡೆ.

ನಿನಗೆ ಹೇಳಬೇಕಾದ್ದಲ್ಲ, ಆದರೂ ಬರೆದಿಡುತ್ತೇನೆ. ನಾಳೆ ಮಕ್ಕಳು ಈ ಕಾಗದ ಓದಿದರೆ ತಲೆಬುಡ ತಿಳಿಯಬೇಕು. ಎಂಬತ್ತೊಂದನೇ ಇಸವಿಯ ಎಪ್ರಿಲ್. ಮುಂಡಾಜೆಯಲ್ಲಿ ನಿಮ್ಮ ಮನೆ, ರಸ್ತೆಯ ಆಚೆ ನನ್ನ ತಂದೆಯ, ನಮ್ಮ ಉಪ್ಪನ, ಅಂಗಡಿ. ನಮಗಿಬ್ಬರಿಗೂ ಹನ್ನೊಂದು ವರ್ಷ. ಡಮ್ಮಾಮಿನಲ್ಲಿ ಇಲೆಕ್ಟ್ರಿಷನ್ ಆಗಿದ್ದ ಸಂಕಪ್ಪಣ್ಣ ರಜೆಗೆ ಬರುವಾಗ ಆ ರೈಲು ತಂದರು. ಕಪ್ಪು ಇಂಜಿನು, ಹಸಿರು ಡಬ್ಬಿ ಎರಡು, ಸಾಮಾನಿನ ಡಬ್ಬಿ ಒಂದು, ಬಾಲದಲ್ಲಿ ಕೆಂಪು ಡಬ್ಬಿ. ಡಮ್ಮಾಮಿನ ಕರೆಂಟು ನೂರ ಹತ್ತು, ನಮ್ಮದು ಇನ್ನೂರ ಮೂವತ್ತು. ಅಲ್ಲಿಂದ ಬಂದ ಮಿಕ್ಸಿಗೂ ಟೇಪ್ ರೆಕಾರ್ಡರಿಗೂ ನಡುವೆ ಒಂದು ಸ್ಟೆಪ್‌ಡೌನ್ ಪೆಟ್ಟಿಗೆ ಬೇಕು, ನಮ್ಮ ಕರೆಂಟನ್ನು ಅರ್ಧಕ್ಕೆ ಇಳಿಸಲಿಕ್ಕೆ. ರೈಲಿಗೆ ಇದ್ದದ್ದು ಚಪ್ಪಟೆ ಪಿನ್ನಿನ ಪ್ಲಗ್, ಮಂಗಳೂರಿನಲ್ಲಿ ಮಾಡಿಸಿದ ಸ್ಟೆಪ್‌ಡೌನಿಗೆ ಇದ್ದದ್ದು ಉರುಟು ತೂತು. ಸಂಕಪ್ಪಣ್ಣ ಚಪ್ಪಟೆಯದ್ದನ್ನು ಕತ್ತರಿಸಿ ನಮ್ಮ ಉರುಟು ಪಿನ್ನಿನದ್ದು ಹಾಕಿದರು. ಆ ಸಂಜೆ ರೈಲು ಓಡಿತು. ಮುಂಡಾಜೆಯ ಅರ್ಧ ಊರು ನಿಮ್ಮ ಚಾವಡಿಯಲ್ಲಿ ಇತ್ತು. ಮರುದಿನ ಅವರು ಬೆಳ್ತಂಗಡಿಗೆ ಹೋದಾಗ ನಾವಿಬ್ಬರೇ ಓಡಿಸಿದೆವು. ಸುಟ್ಟು ಹೋಯಿತು. ವೇಗ ಹೆಚ್ಚು ಕಡಿಮೆ ಮಾಡುವ ಲಿವರ್ ನಿನ್ನ ಕೈಯಲ್ಲಿತ್ತು. "ನಾನು ಜೋರು ಒತ್ತಿದೆ ಅಪ್ಪ" ಎಂದು ನೀನು ಹೇಳಿದಿ.

ಆಮೇಲಿನದ್ದು ಊರಿಗೇ ಗೊತ್ತುಂಟು. "ಇವನ ಕೈಗೆ ಕರೆಂಟು ಕೊಡ್ಲಿಕ್ಕಾಗುದಿಲ್ಲ" ಎಂದರು ಸಂಕಪ್ಪಣ್ಣ. ದೊಡ್ಡವನಾದ ಮೇಲೆ ನಿನ್ನನ್ನು ಡಮ್ಮಾಮಿಗೆ ಕರಕೊಂಡು ಹೋಗುವ ಮಾತು ಅಲ್ಲಿಗೆ ನಿಂತಿತು. ನೀನು ಮಾವನ ಹೋಟೆಲಿಗೆಂದು ಮುಂಬೈ ಬಸ್ಸು ಹತ್ತಿದಿ. ರಜೆಗೆ ಬಂದಾಗಲೆಲ್ಲ ಅವರು ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕಲಿಸಿದ್ದು ನನಗೆ. "ನಿನ್ನದು ಹೆದರುವ ಕೈ, ಈ ಕೆಲಸಕ್ಕೆ ಅಂಥದ್ದೇ ಬೇಕು" ಎನ್ನುತ್ತಿದ್ದರು. ಆ ಮಾತಿನ ಮೇಲೆ ಇವತ್ತಿಗೂ ನನ್ನ ಮನೆಯ ಒಲೆ ಉರಿಯುತ್ತದೆ.

ಸರಿ, ರಿಪೇರಿಯ ಕಥೆ ಕೇಳು. ಇಂಜಿನಿನ ಒಳಗಿನ ಮೋಟಾರು ಹೆಬ್ಬೆರಳಿನ ಉಗುರಿನಷ್ಟು. ಅದರ ತಂತಿ ಸಾಲಿಹಾಳ ತಲೆಕೂದಲಿಗಿಂತ ತೆಳು. ಇದು ಸುಮ್ಮನೆ ಹೇಳಿದ್ದಲ್ಲ, ಪಕ್ಕದಲ್ಲಿಟ್ಟು ನೋಡಿದ್ದೇನೆ. ಹತ್ತು ಎಚ್.ಪಿ.ಯ ಪಂಪು ಕಟ್ಟುವ ಬೆರಳಿನಲ್ಲಿ ಅದನ್ನು ಹಿಡಿಯುವುದು ಹೇಗೆ? ಮೊದಲ ಸಲ ತುಂಡಾಯಿತು. ಎರಡನೇ ಸಲ ತುಂಡಾಯಿತು. ಮೂರನೇ ಸಲ ತುಂಡಾಗಲಿಲ್ಲ ಎಂದು ಉಸಿರು ಬಿಟ್ಟೆ, ಆ ಉಸಿರಿಗೆ ಸೀನು ಬಂತು, ತುಂಡಾಯಿತು. ಸಾಲಿಹಾ ಬಂದು ನೋಡಿ, "ನಲವತ್ತು ವರ್ಷ ಊರಿನವರ ಮೋಟಾರು ಕಟ್ಟಿದವರಿಗೆ ಒಂದು ಗೊಂಬೆಯದ್ದು ಆಗುದಿಲ್ವಾ?" ಎಂದಳು. ಏಳನೇ ಸಲಕ್ಕೆ ಕೂತಿತು.

ಆಮೇಲೆ ರೈಲಿನ ಜೊತೆಗೇ ಬಂದ, ಲಿವರ್ ಇರುವ ಕರೆಂಟಿನ ಪೆಟ್ಟಿಗೆ. ಅದನ್ನು ಬಿಚ್ಚುವ ದಿನ ಜಲಜಾಕ್ಷಿಯ ಮಗಳು ಸಾತ್ವಿಕಾ ಬಂದಿದ್ದಳು. ಇಲ್ಲೇ ಹತ್ತಿರದ ಕಾಲೇಜಿನಲ್ಲಿ ಇಲೆಕ್ಟ್ರಿಕಲ್ ಡಿಪ್ಲೊಮಾ ಎರಡನೇ ವರ್ಷ, ಲೋಕು, ನಿನ್ನ ಸೊಸೆ ನಮಗೆಲ್ಲ ಪಾಠ ಹೇಳುತ್ತಾಳೆ. ಗೋಡೆಯ ಕರೆಂಟನ್ನು ಮೊದಲು ಹಿಡಿಯುವ ತಂತಿಯ ಸುತ್ತನ್ನು ಪ್ರೈಮರಿ ಎನ್ನುತ್ತಾರೆ. ಅದು ಒಳಗಿನವರೆಗೂ ಕರಕಲು. ಅವಳು ಮೂಗಿನ ಹತ್ತಿರ ಹಿಡಿದು ನೋಡಿ ಕೇಳಿದಳು.

"ಖಲೀಲ್ ಮಾಮ, ಲೋಕು ಮಾವ ಲಿವರ್ ಜಾಸ್ತಿ ಒತ್ತಿದ್ರೆ ಇಂಜಿನಿನ ಮೋಟಾರು ಮಾತ್ರ ಹೋಗ್ಬೇಕಿತ್ತು. ಪ್ರೈಮರಿ ಹೇಗೆ ಈ ರೀತಿ ಸುಟ್ಟಿತು?"

"ಹಳೇ ವಾರ್ನಿಷ್, ಮಗಾ. ಹಾಗೆ ಆಗ್ತದೆ" ಎಂದೆ.

ಹಾಗೆ ಆಗುವುದಿಲ್ಲ. ವೈಂಡಿಂಗ್ ಕಲಿತ ಯಾರಿಗೂ ಗೊತ್ತು. ಅವಳು ನನ್ನ ಮುಖ ನೋಡಿದಳು, ಆಮೇಲೆ ಫೋನು ನೋಡಿದಳು. ನಾನು ಸುತ್ತು ಬಿಚ್ಚುತ್ತಾ ಎಣಿಸುತ್ತಾ ಹೋದೆ. ಒಂಬೈನೂರ ನಲವತ್ತು. ಎಣಿಸಿದ್ದು ತಪ್ಪಾಯಿತೋ ಎಂದು ತೂಕ ಮಾಡಿ ಲೆಕ್ಕ ನೋಡಿದೆ. ಸರಿ ಇತ್ತು.

ಇದನ್ನು ನಮ್ಮ ಇನ್ನೂರ ಮೂವತ್ತಕ್ಕೇ ಕಟ್ಟಿಬಿಡುವ, ಸ್ಟೆಪ್‌ಡೌನಿನ ಗಲಾಟೆಯೇ ಬೇಡ ಎಂದು ನನಗೆ ಮನಸ್ಸಿತ್ತು. ಸಂಕಪ್ಪಣ್ಣ ಒಪ್ಪಲಿಲ್ಲ. "ನೂರ ಹತ್ತು ಇದ್ದದ್ದು ನೂರ ಹತ್ತೇ ಇರ್ಲಿ. ನಾನು ತಂದ ರೈಲು ಓಡ್ಬೇಕು, ನೀನು ಮಾಡಿದ್ದಲ್ಲ" ಎಂದು ಜಲಜಾಕ್ಷಿಯ ಹತ್ತಿರ ಹೇಳಿ ಕಳಿಸಿದರು. ಹಾಗೆಯೇ ಕಟ್ಟಿದೆ. ಹಳೆಯ ಸ್ಟೆಪ್‌ಡೌನೂ ಅಟ್ಟದಿಂದ ಬಂತು. ಆ ಹಸಿರು ತಗಡಿನ ಪೆಟ್ಟಿಗೆ ನೆನಪುಂಟಾ? ಅದನ್ನು ಮುಟ್ಟಲಿಕ್ಕೆ ನನಗೆ ಎರಡು ದಿನ ಬೇಕಾಯಿತು. ಇಂಜಿನಿನ ಮುಂದಿನ ಸಣ್ಣ ದೀಪ ಸತ್ತಿತ್ತು, ಎಲ್‌ಇಡಿ ಹಾಕಿದೆ. ಬಿಳಿ ಬೆಳಕು ಬಂತು. ಮುಂಚಿನದ್ದು ಹಳದಿ. ಮೋಟಾರಿಗೆ ಹೊಡೆಯುವ ವಾರ್ನಿಷಿನಲ್ಲಿ ಒಮ್ಮೆ ಅದ್ದಿ ತೆಗೆದೆ. ಮುಂಡಾಜೆಯ ಆ ಸಂಜೆಯ ಹಳದಿಯೇ ಬಂತು ಮಾರಾಯ.

ಸಾತ್ವಿಕಾ ದಿನಾ ಸಂಜೆ ಬಂದು ಕೂತು ಫೋನಿನಲ್ಲಿ ಓದಿ ಹೇಳುತ್ತಿದ್ದಳು. ಅವಳಿಂದ ನಾನು ಕಲಿತದ್ದು ಶಾಲೆಯಲ್ಲಿ ಕಲಿತದ್ದಕ್ಕಿಂತ ಹೆಚ್ಚು. ಮೊದಮೊದಲು ಈ ಆಟದ ರೈಲುಗಳನ್ನು ಕೈಯಲ್ಲಿ ದೂಡಬೇಕಿತ್ತಂತೆ. ಆಮೇಲೆ ಗಡಿಯಾರದ ಹಾಗೆ ಕೀಲಿ ಕೊಡುವುದು ಬಂತು. ನೂರ ಮೂವತ್ತು ವರ್ಷಗಳ ಹಿಂದೆ ಜರ್ಮನಿಯ ಒಂದು ಸಂತೆಯಲ್ಲಿ, ಇವತ್ತು ಸ್ವಲ್ಪ ಹಳಿ ಕೊಂಡು ಮುಂದಿನ ವರ್ಷ ಇನ್ನಷ್ಟು ಸೇರಿಸಬಹುದು ಎಂಬ ಹಾಗೆ ಎಲ್ಲವನ್ನೂ ಒಂದೇ ಅಳತೆಯಲ್ಲಿ ಮಾಡಿ ಇಟ್ಟರಂತೆ. ಎಂಥ ತಲೆ ನೋಡು, ಒಮ್ಮೆ ಕೊಂಡವನು ಮತ್ತೆ ಬರಲೇಬೇಕು. ಅಮೇರಿಕದಲ್ಲಿ ಒಬ್ಬನು ಅಂಗಡಿಯ ಕಿಟಕಿಯಲ್ಲಿ ಬೇರೆ ಸಾಮಾನು ಮಾರಲಿಕ್ಕೆಂದು ಕರೆಂಟಿನ ಗಾಡಿಯೊಂದನ್ನು ಓಡಿಸಲು ಕೊಟ್ಟನಂತೆ. ಬಂದವರು ಸಾಮಾನು ಬಿಟ್ಟು ಆ ಗಾಡಿಯನ್ನೇ ಕೊಡಿ ಎಂದರಂತೆ.

ಒಂದು ಸಂಜೆ ಅವಳು ಓದಿದ್ದು ನನ್ನೊಳಗೆ ಕೂತುಬಿಟ್ಟಿತು. ಆರಂಭದಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮನೆಯ ಕರೆಂಟನ್ನೇ ಹಳಿಗೆ ಬಿಡುತ್ತಿದ್ದರಂತೆ, ನಡುವೆ ಒಂದು ಬಲ್ಬು ಮಾತ್ರ. ಮಕ್ಕಳು ಕೂತು ಆಡುವ ಹಳಿಗೆ! "ಅವರಿಗೆ ಹೆದರಿಕೆ ಆಗ್ಲಿಲ್ವಾ?" ಎಂದು ಕೇಳಿದೆ. "ಆಗದೆ ಇರ್ತದಾ ಮಾಮ? ಹೆದರಿದ್ದಕ್ಕೇ ಅಲ್ವಾ ಆಮೇಲೆ ಟ್ರಾನ್ಸ್‌ಫಾರ್ಮರ್ ಇಟ್ಟದ್ದು" ಎಂದಳು. ಹೆದರಿಕೆಯಿಂದ ಒಳ್ಳೆಯದೂ ಆಗುತ್ತದೆ ಎಂದು ಐವತ್ತೈದನೇ ವರ್ಷದಲ್ಲಿ ಒಬ್ಬಳು ಹುಡುಗಿ ನನಗೆ ಹೇಳಿಕೊಟ್ಟಳು.

ಜನವರಿ ಇಪ್ಪತ್ತನಾಲ್ಕಕ್ಕೆ ಅಂಗಡಿಯ ಮೇಜಿನ ಮೇಲೆ ಮೊದಲು ಓಡಿತು. ಶಟರ್ ಅರ್ಧ ಎಳೆದೇ ಓಡಿಸಿದ್ದು, ಆದರೂ ಸದ್ದಿಗೆ ಒಬ್ಬೊಬ್ಬರೇ ಬಗ್ಗಿ ಒಳಗೆ ಬಂದರು. ಪಕ್ಕದ ಟೈಲರಿಂಗಿನ ಕಾಂತಿಯಕ್ಕ ಸೂಜಿ ಬಾಯಲ್ಲಿಟ್ಟುಕೊಂಡೇ ನಿಂತರು. ಧರ್ಮಸ್ಥಳದ ಬಸ್ಸಿಗೆ ಕಾಯುತ್ತಿದ್ದ ಒಂದು ಕುಟುಂಬ ಬಸ್ಸು ತಪ್ಪಿಸಿಕೊಂಡಿತು, ಮನೆಯ ಯಜಮಾನ "ಹತ್ತು ನಿಮಿಷಕ್ಕೆ ಇನ್ನೊಂದು ಉಂಟು ಬಿಡು" ಎಂದು ಹೆಂಡತಿಗೆ ಹೇಳಿ ಹಳಿಯ ಮುಂದೆಯೇ ಕುಕ್ಕರಗಾಲಿನಲ್ಲಿ ಕೂತ. ಅರ್ಧ ಕಿಲೋಮೀಟರಿನಲ್ಲಿ ನಿಜವಾದ ರೈಲೇ ದಿನಾ ಹೋಗುತ್ತದೆ, ಅದನ್ನು ಯಾರು ನಿಂತು ನೋಡುತ್ತಾರೆ? ಇದನ್ನು ಯಾಕೆ ನೋಡುತ್ತಾರೆ ಎಂದು ನಾನು ಬಹಳ ಯೋಚನೆ ಮಾಡಿದೆ. ನಿಜವಾದದ್ದು ಹೋಗಿಬಿಡುತ್ತದೆ. ಇದು ಮೇಜಿನ ಆಚೆ ತುದಿಗೆ ಹೋಗುವಾಗ ಈಗ ಬೀಳುತ್ತದೆ, ಈಗ ಬೀಳುತ್ತದೆ ಎಂದು ಜೀವ ಕೈಯಲ್ಲಿ ಹಿಡಿದಿರುತ್ತೇವೆ. ಬೀಳುವುದಿಲ್ಲ. ಬರುತ್ತದೆ. ನನ್ನಂಥವನಿಗೆ ಹೇಳಿ ಮಾಡಿಸಿದ ಆಟ.

ಮೂಡಬಿದ್ರೆಗೆ, ಜಲಜಾಕ್ಷಿಯ ಮನೆಗೆ, ಕೊಂಡುಹೋದದ್ದು ಕಳೆದ ಆದಿತ್ಯವಾರ, ಫೆಬ್ರವರಿ ಎರಡಕ್ಕೆ. ಬಸ್ಸಿನಲ್ಲಿ ಬೇಡ ಎಂದು ರಿಕ್ಷಾ ಮಾಡಿದೆ. ಪೆಟ್ಟಿಗೆ ನನ್ನ ಮಡಿಲಿನಲ್ಲಿ, ಸ್ಟೆಪ್‌ಡೌನ್ ಸಾಲಿಹಾಳ ಮಡಿಲಿನಲ್ಲಿ. ಗುಂಡಿ ಬಂದಾಗಲೆಲ್ಲ ನಾನು "ಮೆಲ್ಲ, ಮೆಲ್ಲ" ಎನ್ನುತ್ತಿದ್ದೆ. ರಿಕ್ಷಾದವನು ಹಿಂದೆ ತಿರುಗಿ, "ಅಕ್ಕನಿಗೆ ಎಷ್ಟು ತಿಂಗಳು?" ಎಂದು ಕೇಳಿದ. ಸಾಲಿಹಾ ನಕ್ಕ ನಗೆಗೆ ಸ್ಟೆಪ್‌ಡೌನ್ ಬಿದ್ದೇ ಹೋಗುತ್ತಿತ್ತು.

ಮಧ್ಯಾಹ್ನ ಊಟ ಆದ ಮೇಲೆ ನಡುಕೋಣೆಯಲ್ಲಿ ಎರಡು ಮೇಜು ಜೋಡಿಸಿ ಹಳಿ ಹಾಕಿದೆವು. ನೆರೆಮನೆಯ ರಾಜೀವಿಯಕ್ಕ, ಅವರ ಮೊಮ್ಮಕ್ಕಳು, ಎಲ್ಲ ಸೇರಿ ಹದಿನೈದು ಜನ. ಸಂಕಪ್ಪಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿ ಹಾಕಿ, ಕೈಗೆ ಡಮ್ಮಾಮಿನ ಗಡಿಯಾರ ಕಟ್ಟಿ, ಮೇಜಿಗೆ ತಾಗಿಸಿಯೇ ಕುರ್ಚಿ ಹಾಕಿಸಿಕೊಂಡಿದ್ದರು, ಬಲಗಣ್ಣು ಹಳಿಯ ಬದಿಗೆ. ಉರುಟು ಪಿನ್ನಿನ ಪ್ಲಗ್ಗನ್ನು ನಾನೇ ಸ್ಟೆಪ್‌ಡೌನಿಗೆ ಹಾಕಿದೆ. ಮೂರು ಸಲ ನೋಡಿದೆ. ರಾಜೀವಿಯಕ್ಕ, "ಇವರು ನೋಡಿ ಮುಗಿಸುವಾಗ ರೈಲಿಗೂ ವಯಸ್ಸಾಗ್ತದೆ" ಎಂದರು.

ಲಿವರ್ ಮೆಲ್ಲ ಒತ್ತಿದೆ. ಓಡಿತು. ಒಂದು ಸುತ್ತು. ಎರಡನೇ ಸುತ್ತಿನ ಅರ್ಧದಲ್ಲಿ, ನೀನು ನಂಬುತ್ತೀಯೋ ಇಲ್ಲವೋ, ಕರೆಂಟು ಹೋಯಿತು.

ಎಲ್ಲರೂ "ಅಯ್ಯೋ" ಎಂದರು. ನನ್ನ ಮೈಯೆಲ್ಲ ಬೆವರು. ಮುಂಡಾಜೆಯಲ್ಲಿಯೂ ಅಂದು ಹೀಗೆಯೇ ಹೋಗಿತ್ತಲ್ಲ. ಫ್ಯಾನ್ ಇಲ್ಲದ ಸೆಕೆಗೆ ಒಬ್ಬೊಬ್ಬರೇ ಜಗಲಿಗೆ ಹೋದರು. ನಾನು ಎರಡು ಕೈಯನ್ನೂ ತೊಡೆಯ ಅಡಿಗೆ ಇಟ್ಟು ಕೂತೆ, ಎಂತದನ್ನೂ ಮುಟ್ಟಬಾರದು ಎಂದು. ಇಪ್ಪತ್ತು ನಿಮಿಷ ಸಂಕಪ್ಪಣ್ಣನೂ ನಾನೂ ಇಬ್ಬರೇ. ಅಲ್ಲಿ ನಡೆದದ್ದನ್ನು ಧೈರ್ಯ ಬಂದರೆ ಕೆಳಗೆ ಬರೆಯುತ್ತೇನೆ.

ಕರೆಂಟು ಬಂದಾಗ ಅವರು ನನ್ನನ್ನು ಬದಿಗೆ ಸರಿಯಲು ಹೇಳಿ ಲಿವರನ್ನು ತಾವೇ ಹಿಡಿದರು. ಆ ನಡುಗುವ ಕೈಯಲ್ಲಿ, ಲೋಕು, ರೈಲು ಒಂದು ಚೂರೂ ಎಗರದೆ ಹೊರಟಿತು! ಇಲೆಕ್ಟ್ರಿಷನ್ನಿನ ಕೈ ಮಾರಾಯ. ತಿರುವಿನಲ್ಲಿ ನಿಧಾನ, ನೇರಕ್ಕೆ ಬಂದಾಗ ಜೋರು. ಹಳದಿ ದೀಪ ಅವರ ಬಿಳಿ ಅಂಗಿಯ ಮೇಲೆ ಹಾದುಹೋಗುತ್ತಿತ್ತು. ರಾಜೀವಿಯಕ್ಕನ ಮೊಮ್ಮಕ್ಕಳು ಮೇಜಿನ ಸುತ್ತ ರೈಲಿನ ಹಿಂದೆ ಓಡಿದರು, ಅವರ ಹಿಂದೆ ಸಾತ್ವಿಕಾ, ಅವಳ ಹಿಂದೆ ಸಾಲಿಹಾ! "ಕಾಣ್ತದಾ ಅಪ್ಪ?" ಎಂದು ಜಲಜಾಕ್ಷಿ ಕಿವಿಯ ಹತ್ತಿರ ಕೂಗಿದಳು. "ಕಾಣ್ತದೆ. ಕಡೆಯ ಡಬ್ಬಿ ಕೆಂಪು" ಎಂದರು. ಅವರಿಗೆ ಕೆಂಪು ಬಣ್ಣ ತಿಳಿಯದೆ ಒಂದು ವರ್ಷ ಆಯಿತಂತೆ. ನೆನಪಿನಿಂದ ಹೇಳಿದರೋ, ನಿಜವಾಗಿ ಕಂಡಿತೋ, ಯಾರೂ ಕೇಳಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹಿತ್ತಿಲಿಗೆ ಹೋಗಿ ಮುಖ ತೊಳೆದು ಬಂದೆ.

ನಲವತ್ತೊಂದು ಸುತ್ತು ಓಡಿತು. ಲೆಕ್ಕ ಇಟ್ಟದ್ದು ನಾನು. ಒಮ್ಮೆಯೂ ಹಳಿ ತಪ್ಪಲಿಲ್ಲ. ನಾನು ಕಟ್ಟಿದ ಸಾವಿರಾರು ಮೋಟಾರುಗಳಲ್ಲಿ ಇದೊಂದನ್ನು ಮಾತ್ರ ನನ್ನದು ಎಂದು ಹೇಳಿಕೊಳ್ಳುತ್ತೇನೆ.

ಈ ಸಲ ಒಂದು ರಾತ್ರಿಗೆಂದು ಬರಬೇಡ. ವಾರಕ್ಕಾದರೂ ಬಾ. ಹೋಟೆಲನ್ನು ಮಗ ನೋಡಿಕೊಳ್ಳಲಿ. ನಿನಗೂ ನಿನ್ನ ಮನೆಯವರಿಗೂ ಅಲ್ಲಾಹನು ಆರೋಗ್ಯ ಕೊಡಲಿ, ನಿಮ್ಮ ದೈವಗಳು ಕಾಯಲಿ, ನಿನ್ನ ಕಿವಿಗೆ ಕುಂಯ್ ಎನ್ನದ ಮೆಷಿನ್ ಸಿಗಲಿ. ಸಾಲಿಹಾ ನಿನ್ನ ಹೆಂಡತಿಗೆ ಪ್ರೀತಿ ತಿಳಿಸಿದ್ದಾಳೆ.

ನಿನ್ನವನೇ ಆದ,
ಇಬ್ರಾಹಿಂ ಖಲೀಲ್

ಮರೆತು ಹೋಗಿ ಕೊನೆಗೆ ಸೇರಿಸಿದ್ದಲ್ಲ, ಒಂದು ದಿನವೂ ಮರೆಯದೆ ಇದ್ದದ್ದು:

ಮುಂಡಾಜೆಯಲ್ಲಿ ಅಂದು ಕರೆಂಟು ಹೋದಾಗ ನಿನ್ನ ಅಮ್ಮ ನಿನ್ನನ್ನು ಒಳಗೆ ಕರೆದರು. ನಾನು ಸ್ಟೆಪ್‌ಡೌನನ್ನು ಮುಟ್ಟಿ ನೋಡಿದೆ. ಕಾದಿತ್ತು. ಅಷ್ಟು ಹೊತ್ತು ಗುಂಯ್ ಎನ್ನುತ್ತಲೂ ಇತ್ತು. ಇದು ಸುಟ್ಟು ನಿಮ್ಮ ಮನೆಗೇ ಬೆಂಕಿ ಹಿಡಿಯುತ್ತದೆ ಎಂದು ಹೆದರಿಕೆ ಆಯಿತು. ಅದನ್ನು ತೆಗೆದು ನೆಲದ ಮೇಲೆ ತಣಿಯಲಿಕ್ಕೆ ಇಟ್ಟೆ. ಕರೆಂಟು ಬಂದಾಗ ರೈಲು ಸಿದ್ಧ ಇರಲಿ ಎಂದು ಅದರ ಪ್ಲಗ್ಗನ್ನು ಗೋಡೆಗೇ ಹಾಕಿದೆ. ಉರುಟು ಪಿನ್ನು, ಸರಿಯಾಗಿ ಕೂತಿತು. ನೀನು ಬಂದಿ, ಲಿವರ್ ಹಿಡಿದಿ, ಕರೆಂಟು ಬಂತು, ನೂರ ಹತ್ತರ ಪೆಟ್ಟಿಗೆಗೆ ಇನ್ನೂರ ಮೂವತ್ತೂ ನೇರ ನುಗ್ಗಿತು. ಇಂಜಿನು ಹಾರಿ ಬಿದ್ದಾಗ ನೀನು ಅದರ ಹಿಂದೆ ಓಡಿದಿ. ಆ ಗಡಿಬಿಡಿಯಲ್ಲಿ ನಾನು ಪ್ಲಗ್ಗನ್ನು ತಿರುಗಿ ಸ್ಟೆಪ್‌ಡೌನಿಗೆ ಹಾಕಿ ಇಟ್ಟೆ. ಸಂಜೆ ನಿನ್ನ ಅಪ್ಪ ಬೆತ್ತ ತೆಗೆದಾಗ ನಾನು ಬಾಗಿಲಿನ ಹಿಂದೆ ಇದ್ದೆ, ಲೋಕು. ಹನ್ನೊಂದು ಪೆಟ್ಟು. ಅದನ್ನೂ ಎಣಿಸಿದ್ದೇನೆ.

ನಿನ್ನ ಅಪ್ಪ ನಿನಗೆ ಕಲಿಸಬೇಕಿದ್ದ ಕೆಲಸವನ್ನು ನನಗೆ ಕಲಿಸಿದರು. ನೀನು ಕೂರಬೇಕಿದ್ದ ಜಾಗದಲ್ಲಿ ನಲವತ್ತು ವರ್ಷ ಕೂತಿದ್ದೇನೆ. "ಜೋರು ಒತ್ತಿದೆ" ಎಂದು ನೀನು ಹೇಳಿದ್ದು ಹಾಗೆಯೇ ನಂಬಿಯಾ, ಅಲ್ಲ ನನ್ನ ಮುಖ ನೋಡಿ ನನ್ನನ್ನು ಉಳಿಸಲಿಕ್ಕಾ, ಇದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಲಿಕ್ಕೆ ಧೈರ್ಯ ಸಾಕಾಗಲಿಲ್ಲ.

ಕರೆಂಟಿಲ್ಲದ ಆ ಇಪ್ಪತ್ತು ನಿಮಿಷದಲ್ಲಿ ಇದನ್ನೆಲ್ಲ ಸಂಕಪ್ಪಣ್ಣನಿಗೆ ಹೇಳಿದೆ. ಅವರು ನನ್ನ ಬದಿಗೆ ತಿರುಗಿ ಕೂತರು. ಆಮೇಲೆ "ಕೈ ನೀಡು" ಎಂದರು. ನೀಡಿದೆ. ಅಂಗೈಗೆ ಒಂದು ಹೊಡೆದರು. ಬಲ ಇರಲಿಲ್ಲ, ಆದರೆ ಹೊಡೆದದ್ದು ಹೊಡೆದದ್ದೇ.

"ಇನ್ನು ನನಗೆ ಹೊಡಿ" ಎಂದರು.

"ಎಂತ ಹೇಳುದು ಸಂಕಪ್ಪಣ್ಣ!"

"ಆ ಚಪ್ಪಟೆ ಪಿನ್ನು ಕತ್ತರಿಸಿದ್ದು ಯಾರು, ನೀನಾ? ಚಪ್ಪಟೆ ಪಿನ್ನು ನಮ್ಮ ಗೋಡೆಗೆ ಹೋಗುದೇ ಇಲ್ಲ. ಡಮ್ಮಾಮಿನ ಕ್ಯಾಂಪಿನಲ್ಲಿ ಊರಿಗೆ ಹೊರಟವರಿಗೆಲ್ಲ, ಬೇರೆಂತ ಬೇಕಾದ್ರೂ ಮಾಡಿ, ಆ ಪ್ಲಗ್ ಮಾತ್ರ ಕತ್ತರಿಸ್ಬೇಡಿ ಅಂತ ಹೇಳ್ತಿದ್ದವ ನಾನು. ಅವತ್ತು ಚಾವಡಿ ತುಂಬ ಜನ. ಮಗನಿಗೆ ಬೇಗ ತೋರಿಸ್ಬೇಕು ಅಂತ ನನಗೇ ಅರ್ಜೆಂಟು. ಸ್ಟೆಪ್‌ಡೌನಿನ ಸಾಕೆಟ್ ಬದಲಿಸ್ಲಿಕ್ಕೆ ಹೊತ್ತಿಲ್ಲ ಅಂತ ಪ್ಲಗ್ ಕತ್ತರಿಸಿದೆ. ಸುಟ್ಟ ವಾಸನೆಗೇ ನನಗೆ ಗೊತ್ತಾಯ್ತು ಅದು ಲಿವರಿನ ಕೆಲಸ ಅಲ್ಲ ಅಂತ. ಯಾರು ಅಂತ ಗೊತ್ತಾಗ್ಲಿಲ್ಲ. ನನ್ನ ತಪ್ಪು ಅಂತ ಮಾತ್ರ ಗೊತ್ತಿತ್ತು. ಅದಕ್ಕೇ ಅಷ್ಟು ಹೊಡೆದೆ."

ಆಮೇಲೆ ಹೇಳಿದರು, "ಅವನಿಗೆ ಬರಿ. ನಿನ್ನದನ್ನೂ ಬರಿ, ನನ್ನದನ್ನೂ ಬರಿ. ನನಗೆ ಗೆರೆ ಕಾಣುದಿಲ್ಲ."

ಸಂಜೆ ಎಲ್ಲರೂ ಹೋದ ಮೇಲೆ ಒಂದು ಹಾಲಿನ ಪುಡಿಯ ಡಬ್ಬ ತರಿಸಿದರು. ಅದರೊಳಗೆ ಆ ಚಪ್ಪಟೆ ಪಿನ್ನಿನ ಪ್ಲಗ್! ನಲವತ್ತನಾಲ್ಕು ವರ್ಷ ಇಟ್ಟಿದ್ದಾರೆ. ಉರುಟಿನದ್ದನ್ನು ತಾವೇ ಕತ್ತರಿಸಿದರು. ನಾನು ಸ್ಟೆಪ್‌ಡೌನಿನ ಮೇಲೆ ಚಪ್ಪಟೆ ಪಿನ್ನಿಗೆ ಸರಿಯಾದ ಸಾಕೆಟ್ ಕೂರಿಸಿಕೊಟ್ಟೆ. ಪ್ಲಗ್ಗಿನ ಒಳಗೆ ಎರಡು ಸ್ಕ್ರೂ. ಒಂದನ್ನು ನನ್ನಿಂದ ಬಿಗಿ ಮಾಡಿಸಿದರು, ಇನ್ನೊಂದನ್ನು ಬೆರಳಲ್ಲಿ ತಡವಿ ತಡವಿ ತಾವೇ ಮಾಡಿದರು. ಅದು ಸರಿ ಕೂತಿತಾ ಎಂದು ನಾನು ಬಗ್ಗಿದ್ದಕ್ಕೆ ಕೈ ಅಡ್ಡ ಹಿಡಿದರು. "ನೀನು ನೋಡ್ಬೇಡ. ಅದನ್ನು ಲೋಕು ಬಂದು ನೋಡ್ಲಿ. ಅವನು ನೋಡುವ ತನಕ ರೈಲು ಓಡ್ಲಿಕ್ಕಿಲ್ಲ."

ನೋಡದೆ ಎದ್ದು ಬಂದೆ. ನನ್ನ ಜೀವಮಾನದಲ್ಲಿ ಹಾಗೆ ಬಿಟ್ಟು ಬಂದದ್ದು ಅದೊಂದೇ. ವಾರವಾಯಿತು, ಸರಿ ನಿದ್ರೆ ಇಲ್ಲ. ಸ್ಕ್ರೂಡ್ರೈವರ್ ಡಬ್ಬದಲ್ಲಿಯೇ ಉಂಟು. ಬಂದ ಕೂಡಲೇ, ಚಾ ಕುಡಿಯುವ ಮೊದಲೇ, ಅಪ್ಪ ಬಿಗಿ ಮಾಡಿದ ಆ ಎಡಬದಿಯ ಸ್ಕ್ರೂವನ್ನು ಇನ್ನೊಮ್ಮೆ ನೋಡು.